ಹಸಿರು ಬೆಳಕಿನ ಹನ್ನೆರಡು ದಿನಗಳು

ಮಂತ್ರಿಗಳ ಭಾಷಣ ಮುಗಿಯುವುದರೊಳಗೆ ಮೇಜಿನ ಮೇಲಿದ್ದ ಒರೆಗಲ್ಲು ಹದಿನಾಲ್ಕು ಸಲ ಹಸಿರಾಗಿ ಬೆಳಗಿತು. ಪರಿಸರ ವಿಭಾಗದ ವಿದ್ಯಾರ್ಥಿಗಳು ಹದಿನಾಲ್ಕು ಸಲವೂ ತಮ್ಮ ಹಾಳೆಯಲ್ಲಿ ‘ಸರಿ’ ಎಂದು ಗುರುತು ಹಾಕಿ, ಊಟಕ್ಕೆ ಹೊರಡಲು ಚೀಲ ಎತ್ತಿಕೊಂಡರು.

ಒರೆಗಲ್ಲು ಅಂಗೈಯಗಲದ ಪೆಟ್ಟಿಗೆ. ಕಾಡು, ನೀರು, ಗಾಳಿಯ ಬಗ್ಗೆ ರಾಜಕಾರಣಿಗಳು ಆಡುವ ಒಂದೊಂದು ವಾಕ್ಯವನ್ನೂ ಉಪಗ್ರಹದ ಚಿತ್ರ, ಪ್ರಯೋಗಾಲಯದ ವರದಿ, ಸರ್ಕಾರಿ ದಾಖಲೆಗಳ ಜೊತೆ ಕ್ಷಣದಲ್ಲಿ ತಾಳೆ ನೋಡುತ್ತದೆ. ಆಧಾರವಿದ್ದರೆ ಹಸಿರು, ಸುಳ್ಳಾದರೆ ಕೆಂಪು. ಅವರಿಗೆ ಪಾಠ ಹೇಳುವ ಪ್ರೊಫೆಸರ್ ಶಾಂಭವಿ ಹೂಗಾರ ಹದಿನೆಂಟು ವರ್ಷ ಪಟ್ಟು ಹಿಡಿದು ಇದನ್ನು ತಯಾರಿಸಿದ್ದರು. ಇದು ಬಂದ ಮೇಲೆ ರಾಜಕಾರಣಿಗಳು ಸುಳ್ಳು ಹೇಳುವುದನ್ನೇ ಬಿಟ್ಟಿದ್ದರು. ಇದಕ್ಕಿಂತ ದೊಡ್ಡ ಪವಾಡ ಇನ್ನೇನು ಬೇಕು!

ಬನಶ್ರೀ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಭಾಷಣ ಅವಳ ಊರಾದ ನೇಕಾರಪೇಟೆಯ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಬಗ್ಗೆಯೇ ಇತ್ತು. ಅದನ್ನು ಎರಡರಷ್ಟು ದೊಡ್ಡದು ಮಾಡಲು ಒಪ್ಪಿಗೆ ಕೊಡುವ ಸಭೆ ಮರುದಿನವೇ ಇತ್ತು.

“ಮೇಡಂ, ನಮ್ಮ ಓಣಿ ಬಾವಿ ನೀರು ಕೆಂಪಗ ಬರತೈತ್ರಿ. ಅರವತ್ತು ಮನಿಗೆ ಅದೊಂದ ಬಾವಿ. ಬಾವಿ ಬಾಜೂ ಹರಿಯೋ ಕಾರ್ಖಾನಿ ಹಳ್ಳ ಶುದ್ಧ ಐತಿ ಅಂತ ಮಂತ್ರಿ ಅಂದ್ರ ಈ ಡಬ್ಬಿ ಹೆಂಗ ಹಸರು ತೋರಸ್ತೈತ್ರಿ?”

“ಆಧಾರ ಇಲ್ಲದ ಅದು ಹಸರು ತೋರಸಂಗಿಲ್ಲವ್ವಾ,” ಎಂದರು ಶಾಂಭವಿ. ದನಿಯಲ್ಲಿ ಸ್ವಲ್ಪ ಬಿಗುಮಾನವಿತ್ತು. “ಬಾ, ದಾಖಲೆನ ನೋಡೋಣು.”

ದಾಖಲೆ ಅಪ್ಪಟವಾಗಿತ್ತು. ತಿಂಗಳಿಗೊಮ್ಮೆಯಂತೆ ಹನ್ನೆರಡು ಸಲ ಹಳ್ಳದ ನೀರು ತುಂಬಿ ಪರೀಕ್ಷಿಸಿದ್ದರು. ಹನ್ನೆರಡು ಸಲವೂ ನೀರು ಶುದ್ಧ. ಬನಶ್ರೀ ತಾರೀಕುಗಳ ಮೇಲೆ ಬೆರಳಾಡಿಸುತ್ತ ಹೋದವಳು ಒಮ್ಮೆಲೇ ನಿಂತಳು.

“ಇದು ಮಣ್ಣೆತ್ತಿನ ಅಮಾಸಿ. ಇದು ನಾಗರ ಅಮಾಸಿ. ಇದು ಎಳ್ಳಮಾಸಿ... ಮೇಡಂ, ಹನ್ನೆರಡೂ ಅಮಾಸಿನ! ಅಮಾಸಿ ದಿನ ನಮ್ಮಲ್ಲಿ ಮಗ್ಗಕ್ಕ ಪೂಜಿ ಮಾಡಿ ಸೂಟಿ ಕೊಡ್ತಾರ್ರಿ. ಬಣ್ಣ ಕುದಿಸೋ ಒಲೀನೂ ಹಚ್ಚಂಗಿಲ್ಲ, ಹಳ್ಳಕ್ಕ ಬಣ್ಣದ ನೀರೂ ಬರಂಗಿಲ್ಲ.”

ಶಾಂಭವಿಯವರ ಮುಖ ಸಪ್ಪಗಾಯಿತು. ಮಾದರಿ ತುಂಬಿದ ನೌಕರನಿಗೆ ಅಲ್ಲೇ ಫೋನು ಮಾಡಿದರು. ಪಾಪ, ಅವನು ಏನೂ ಮುಚ್ಚಿಡಲಿಲ್ಲ. ಬೇರೆ ದಿನ ಹಳ್ಳದ ದಂಡೆ ತುಂಬ ಲಾರಿಗಳು ನಿಂತಿರುತ್ತವೆ, ಅಮಾವಾಸ್ಯೆಯಂದು ದಾರಿ ಖಾಲಿ ಸಿಗುತ್ತದೆ ಎಂದ. ನೌಕರ ಸುಳ್ಳು ಹೇಳಿರಲಿಲ್ಲ, ಮಂತ್ರಿ ಹೇಳಿರಲಿಲ್ಲ, ಯಂತ್ರವೂ ಹೇಳಿರಲಿಲ್ಲ. ಬಾವಿಯ ನೀರು ಮಾತ್ರ ಕೆಂಪಗೇ ಇತ್ತು.

ಮರುದಿನದ ಸಭೆಯಲ್ಲಿ ಅಧಿಕಾರಿಗಳು ಒರೆಗಲ್ಲನ್ನು ನಡುವೆ ಇಟ್ಟುಕೊಂಡು ಕುಳಿತಿದ್ದರು. ಬನಶ್ರೀ ಎದ್ದು ನಿಂತಳು.

“ಒಲಿ ಉರಿಯೋ ದಿನ ಒಮ್ಮೆರೆ ನೀರು ತುಂಬೀರೇನ್ರಿ?”

ಎಲ್ಲರೂ ಪೆಟ್ಟಿಗೆಯತ್ತ ನೋಡಿದರು. ಅದು ಹಸಿರಾಗಲಿಲ್ಲ, ಕೆಂಪಾಗಲೂ ಇಲ್ಲ. ಪ್ರಶ್ನೆಯನ್ನು ತಾಳೆ ನೋಡುವುದು ಅದಕ್ಕೆ ಬರುತ್ತಿರಲಿಲ್ಲ.

“ಯಂತ್ರ ಏನೂ ಹೇಳ್ತಿಲ್ಲವಲ್ಲ,” ಎಂದರು ಅಧ್ಯಕ್ಷರು.

ಶಾಂಭವಿ ಹಿಂದಿನ ಸಾಲಿನಿಂದ ಎದ್ದರು. “ಅದನ್ನ ಮಾಡಿದಾಕಿ ನಾನ ಹೇಳ್ತೀನ್ರಿ. ಹೇಳಿದ್ದು ಖರೇನೋ ಸುಳ್ಳೋ ಅಷ್ಟ ಅದಕ್ಕ ಗೊತ್ತು. ಏನು ಹೇಳಿಲ್ಲ ಅನ್ನೋದು ಗೊತ್ತಾಗಂಗಿಲ್ಲ. ಆಕಿಗೆ ಉತ್ತರ ಕೊಡ್ರಿ.”

ಅಧ್ಯಕ್ಷರು ಹನ್ನೆರಡು ತಾರೀಕುಗಳನ್ನು ಮತ್ತೊಮ್ಮೆ ಓದಿ ಕಡತ ಮುಚ್ಚಿದರು. ಒಪ್ಪಿಗೆಯನ್ನು ಮುಂದೂಡಿದರು. ಮುಂದಿನ ಮಂಗಳವಾರ, ಒಲೆ ಉರಿಯುತ್ತಿದ್ದಾಗ ಹಳ್ಳದಲ್ಲಿ ತುಂಬಿದ ಬಾಟಲಿಯ ಕೆಂಪು ನೀರನ್ನು ನೋಡಲು ಯಾವ ಯಂತ್ರವೂ ಬೇಕಾಗಲಿಲ್ಲ.

ಆ ವರ್ಷದ ಪರೀಕ್ಷೆಗೆ ಶಾಂಭವಿ ಪೂರ್ತಿ ಹಸಿರು ಬಂದ ಭಾಷಣವೊಂದನ್ನು ಕೊಟ್ಟು, ನೀವು ಏನು ಪ್ರಶ್ನೆ ಕೇಳುತ್ತೀರಿ ಎಂದಷ್ಟೇ ಬರೆದರು. ಅರ್ಧಕ್ಕರ್ಧ ಹಾಳೆಗಳು ಖಾಲಿ ಬಂದವು. ಪ್ರಶ್ನೆ ಕೇಳುವುದನ್ನೇ ಮರೆಸಿದ್ದು ತಾವು ಕೈಯಾರೆ ಮಾಡಿದ ಯಂತ್ರವೇ ಎಂದು ಅವರಿಗೆ ಅಳು ಬಂತು.

ಖಾಲಿ ಹಾಳೆ ಕೊಟ್ಟ ಹುಡುಗಿಯೊಬ್ಬಳು ಅಳುಕುತ್ತ ಕೇಳಿದಳು: “ಮೇಡಂ, ಒರೆಗಲ್ಲು ಇಲ್ಲದ ಕಾಲದಾಗ ಮಂದಿ ಹೆಂಗ ಪ್ರಶ್ನಿ ಕೇಳತಿದ್ರು?”

ಶಾಂಭವಿ ಖಾಲಿ ಹಾಳೆಯನ್ನು ಅವಳ ಕೈಗೆ ಮರಳಿ ಕೊಟ್ಟರು.

“ಕೇಳಾಕ ಎಲ್ಲಾರಿಗೂ ಬರತಿತ್ತವ್ವಾ,” ಎಂದರು. “ಕೇಳತಿದ್ದವರು ಕಡಿಮಿ.”