ಆ ಐವತ್ತು ಅಡಿ

ಚೈತ್ರಳ ಬೆನ್ನಿಗೆ ನಾನು ಕೈ ಕೊಟ್ಟಿದ್ದು ಒಳ್ಳೆಯ ಮನಸ್ಸಿನಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮ ಯಳಂದೂರಿನ ಕೆಂಪನಂಜಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಶುರುಮಾಡಿದ್ದು ಈ ಸೈಕಲ್ ಯಾತ್ರೆ. ಬೆಳಕು ಹರಿಯುವ ಹೊತ್ತಿಗೆ ಬಳೆ ಮಂಟಪದ ಮುಂದಿನಿಂದ ಹೊರಟು, ಕೊಳ್ಳೇಗಾಲ, ಹನೂರು ದಾಟಿ, ಕಾಡು ಹೊಕ್ಕು, ಮಾದಪ್ಪನ ಬೆಟ್ಟ ಹತ್ತಬೇಕು. ದಾರಿಯುದ್ದಕ್ಕೂ ಹಳೇ ಊರುಗಳು. ಯಾವ ರಾಜನ ಕಾಲದ್ದೋ ವೀರಗಲ್ಲು, ಅದಕ್ಕೆ ಒರಗಿ ಕೂತು ಬೀಡಿ ಸೇದುವ ತಾತ, ಆಚೆಗೆ ಬಿದಿರು, ಅದರಾಚೆಗೆ ಸಾಲು ಸಾಲು ಗುಡ್ಡ. ಪರದೇಶದ ಬೆಟ್ಟದ ದಾರಿಯ ಫೋಟೋ ನೋಡಿ ಬಾಯಿ ಬಿಡುವವರು ಒಮ್ಮೆ ನಮ್ಮ ಕಡೆ ಬಂದು ತುಳಿದು ನೋಡಲಿ.

ಮೇಷ್ಟ್ರ ನಿಯಮ ಎರಡೇ. ಮಧ್ಯಾಹ್ನ ಹನ್ನೆರಡರೊಳಗೆ ಮೇಲಿರಬೇಕು, ಯಾರ ಸಹಾಯವನ್ನೂ ಪಡೆಯಬಾರದು. ಹಾಗೆ ಹತ್ತಿದವರಿಗೆ ಒಂದು ಹಿತ್ತಾಳೆ ಬಿಲ್ಲೆ. ಹೋದ ವರ್ಷದವರೆಗೆ ಒಬ್ಬ ಹೆಣ್ಣುಮಗಳೂ ಅದನ್ನು ಪಡೆದಿರಲಿಲ್ಲ.

ಹೋದ ವರ್ಷ ಏರು ಶುರುವಾಗುವ ತಾಳಬೆಟ್ಟದ ಬುಡದಿಂದಲೇ ಚೈತ್ರ ನನ್ನ ಮುಂದಿದ್ದಳು. ಕೊಳ್ಳೇಗಾಲದ ಹುಡುಗಿ, ಸೆಕೆಂಡ್ ಹ್ಯಾಂಡ್ ಸೈಕಲ್, ಹೆಲ್ಮೆಟ್ಟಿನ ಕೆಳಗೆ ಬಿಗಿಯಾಗಿ ಹೆಣೆದ ಜಡೆ. ಒಂದು ತಿರುವಿನಲ್ಲಿ ಹಿಂತಿರುಗಿ ನೋಡಿದಳು.

"ಏನ್ ಸಾ, ಹೊಸಾ ಸೈಕಲ್ ಮಡಿಕಂಡು ನನ್ ನೆಳ್ಳಲ್ಲೇ ಬತ್ತಿದ್ದೀರಿ?"

"ಬಿಸ್ಲು ಜಾಸ್ತಿ ಕಣ್ರಿ," ಅಂದೆ.

ಅವಳ ಕಣ್ಣು ನಕ್ಕಿತು, ತುಟಿ ನಗಲಿಲ್ಲ. ಅಷ್ಟಕ್ಕೇ ನನಗೆ ಏದುಸಿರು ಬಂತು. ತಪ್ಪನ್ನು ಬೆಟ್ಟದ ಮೇಲೆ ಹೊರಿಸಿದೆ.

ಕಡೆಯ ತಿರುವಿನಲ್ಲಿ ಅವಳ ಕಾಲು ಸೋತಿತು. ಮುಂದಿನ ಚಕ್ರ ಅತ್ತಿತ್ತ ವಾಲತೊಡಗಿತು. ಗಡಿಯಾರದಲ್ಲಿ ಉಳಿದಿದ್ದು ಮೂರು ನಿಮಿಷ. ನಾವು ಹೊಲಗದ್ದೆಯವರು. ಯಾರದ್ದೇ ಗಾಡಿ ಕೆಸರಲ್ಲಿ ಹೂತರೂ ಕೇಳದೆ ಹೆಗಲು ಕೊಡುವುದು ನಮ್ಮಲ್ಲಿ ವಾಡಿಕೆ. ನಾನೂ ಕೇಳಲಿಲ್ಲ. ಪಕ್ಕಕ್ಕೆ ಬಂದು ಅವಳ ಬೆನ್ನಿಗೆ ಅಂಗೈ ಇಟ್ಟು ಒಂದು ಐವತ್ತು ಅಡಿ ತಳ್ಳಿದೆ.

ಮೇಲೆ ಮೇಷ್ಟ್ರು ಕಣ್ಣು ತುಂಬಿಕೊಂಡು ಅವಳ ಹೆಸರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅವಳು ಬಿಲ್ಲೆಯನ್ನು ಅಂಗೈಯಲ್ಲಿ ಒಂದು ಕ್ಷಣ ನೋಡಿ ವಾಪಸ್ ಕೊಟ್ಟಳು.

"ಮೇಷ್ಟ್ರೇ, ಕಡೇ ತಿರುವಲ್ಲಿ ಐವತ್ತಡಿ ನಂದಲ್ಲ. ಇವ್ರುದು."

ಚಪ್ಪಾಳೆ ನಿಂತಿತು. ನಾನು ಹಲ್ಲು ಕಿರಿದೆ. "ಐವತ್ತಡಿ ತಾನೆ, ಬುಡಿ."

"ನಿಮ್ಗೆ ಐವತ್ತಡಿ. ನನ್ಗೆ ಇಡೀ ಬೆಟ್ಟ ಓಯ್ತು," ಅಂದವಳೇ ಸೈಕಲ್ ತಿರುಗಿಸಿಕೊಂಡು ಇಳಿದುಹೋದಳು.

ಒಂದು ವಾರ ಅನ್ನ ರುಚಿಸಲಿಲ್ಲ. ಎಂಟನೆಯ ದಿನ ವಿಳಾಸ ಹುಡುಕಿಕೊಂಡು ಕೊಳ್ಳೇಗಾಲಕ್ಕೆ ಹೋದೆ. ನೇಕಾರರ ಬೀದಿ, ಮನೆ ಮನೆಯಲ್ಲೂ ಮಗ್ಗದ ಸದ್ದು. ಅವಳು ಗುಂಡಿ ಮಗ್ಗದಲ್ಲಿ ಕಾಲಿಳಿಸಿ, ಕಾಲುಮಣೆ ತುಳಿಯುತ್ತಾ ನೇಯುತ್ತಿದ್ದಳು. ಬೆಟ್ಟ ಹತ್ತುವ ಆ ಕಾಲುಗಳು ಎಲ್ಲಿ ಪಳಗಿದ್ದೆಂದು ಆಗ ತಿಳಿಯಿತು. ನನ್ನನ್ನು ನೋಡಿಯೂ ಎಳೆಗಳ ನಡುವೆ ಓಡುವ ಲಾಳಿಯನ್ನು ನಿಲ್ಲಿಸಲಿಲ್ಲ.

ಅವಳಪ್ಪ ದೇವಣ್ಣನವರೇ ಮಾತಾಡಿಸಿದರು. "ತಳ್ಳಿದೋರು ನೀವೇನಾ? ಬಾಪ್ಪ, ಕೂತ್ಕೊ." ಬೀರುವಿನಿಂದ ಒಂದು ಹಳೆಯ ರೇಷ್ಮೆ ಸೀರೆ ತೆಗೆದು ಬೆಳಕಿಗೆ ಹಿಡಿದರು. ನಡುವೆ ಅಡ್ಡಕ್ಕೆ ಒಂದು ಸಣ್ಣ ಗೆರೆ.

"ನಂಗೆ ಜ್ವರ ಬಂದಾಗ ಪಕ್ಕದ್ಮನೆಯವ್ನು ಒಂದ್ ಗೇಣು ನೇಯ್ದುಕೊಟ್ಟ. ಒಳ್ಳೇ ಕೆಲ್ಸಗಾರ್ನೇ. ಆದ್ರೂ ಕೈ ಬೇರೆ, ಹಲಗೆ ಬಡಿಯೋ ಪೆಟ್ಟು ಬೇರೆ. ಇಪ್ಪತ್ತೊರ್ಸ ಆಯ್ತು, ಈ ಸೀರೆ ನಾನ್ ನೇಯ್ದದ್ದು ಅಂತ ಹೇಳ್ಕೊಳಕ್ಕೆ ಬಾಯಿ ಬರಾಕಿಲ್ಲ. ನಮ್ಮನೇಲಿ ಒಂದ್ ಸೀರೆಗೆ ಒಂದೇ ಕೈ ಕಣಪ್ಪ."

ನನ್ನ ಅಂಗೈ ಬಿಸಿಯಾಯಿತು. "ತಪ್ಪಾಯ್ತು ಕಣ್ರಿ," ಅಂದೆ ಅವಳಿಗೆ.

ಲಾಳಿ ನಿಂತಿತು. "ಬರೋ ವರ್ಷ ನನ್ ಹಿಂದೇನೇ ಬನ್ನಿ. ನಾನ್ ಬಿದ್ರೂ ಮುಟ್ಟಕೂಡ್ದು. ಆಯ್ತದಾ?"

"ಬಿದ್ರೂನಾ?"

"ಬಿದ್ರೆ ಏಳೋದು ನನ್ ಕೆಲ್ಸ."

ಆಯ್ತದೆ ಅಂದೆ. ಅದು ಎಷ್ಟು ಕಷ್ಟದ ಮಾತೆಂದು ಆಗ ಗೊತ್ತಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಲೊಕ್ಕನಹಳ್ಳಿ ದಾರಿಯಲ್ಲಿ ಅಭ್ಯಾಸ. ಪಂಕ್ಚರ್ ಆದರೆ ಅವಳೇ ಹಾಕುವಳು, ನಾನು ಬೇಲಿ ನೋಡುತ್ತಾ ನಿಲ್ಲುವೆ. "ಪಾಪ, ಕೈ ಕಡೀತದಾ?" ಎಂದು ರೇಗಿಸುವಳು. ರಾಗಿ ಹೊಲದ ಬದುವಿನಲ್ಲಿ ಕೂತು ಅವಳ ಡಬ್ಬಿಯ ಚಿತ್ರಾನ್ನ ತಿನ್ನುವಾಗ, ಕೂದಲು ಹಿಂದಕ್ಕೆ ಸರಿಸಿ ಓರೆಗಣ್ಣಲ್ಲಿ ನನ್ನ ನೋಡಿ, ನಾನು ನೋಡಿದೊಡನೆ ಗುಡ್ಡ ನೋಡುವಳು. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಪೂರ್ತಿ ಅವಳವನಾಗಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅದೂ ಒಂದು ತಳ್ಳುವಿಕೆ ಅನ್ನಿಸಿತು.

ಈ ವರ್ಷ ಅದೇ ಕಡೆಯ ತಿರುವು. ಅಲ್ಲೇ ಅವಳ ಚೈನ್ ಕಳಚಿತು. ಉಳಿದದ್ದು ಐದು ನಿಮಿಷ. ಅವಳು ಧೊಪ್ಪನೆ ಇಳಿದು ಮಂಡಿಯೂರಿದಳು. ಬೆವರು ಕಣ್ಣಿಗಿಳಿದು ಚೈನ್ ಎರಡು ಸಲ ಜಾರಿತು. ನಾನು ಹತ್ತಡಿ ಹಿಂದೆ ನಿಂತು ಹ್ಯಾಂಡಲನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದೆ.

ನಡೆದು ಬರುತ್ತಿದ್ದ ಮಾದಪ್ಪನ ಭಕ್ತರ ಪರುಸೆಯ ಒಬ್ಬ ಅಜ್ಜಿ ನನ್ನನ್ನು ತರಾಟೆಗೆ ತಗೊಂಡಿತು. "ಏನ್ಲಾ ಗಂಡ್ಸೇ, ಹೆಣ್ಮಗ ಒದ್ದಾಡ್ತಾವ್ಳೆ, ಒಂದ್ ಕೈ ಕೊಡಬಾರ್ದಾ?"

"ಕೊಡಬಾರ್ದು ಕಣಜ್ಜೀ!" ನನ್ನ ದನಿ ಅಳುವಿನಂತೆ ಹೊರಬಿತ್ತು.

ಚೈತ್ರ ತಲೆ ಎತ್ತಿದಳು. ಮಸಿ ಮೆತ್ತಿದ ಕೆನ್ನೆ, ಕೆಂಪೇರಿದ ಕಣ್ಣು. ನಕ್ಕಳು. ಈ ಸಲ ತುಟಿಯೂ ನಕ್ಕಿತು. ಮೂರನೆಯ ಸಲಕ್ಕೆ ಚೈನ್ ಕೂತಿತು. "ಉಘೇ ಮಾದಪ್ಪಾ!" ಎಂದು ಅಜ್ಜಿ ಕೂಗಿದ್ದಕ್ಕೆ ಪರುಸೆಯೆಲ್ಲ ದನಿಗೂಡಿಸಿತು. ಅವಳು ಪೆಡಲಿನ ಮೇಲೆ ಎದ್ದು ನಿಂತು ಆ ಐವತ್ತು ಅಡಿಯನ್ನು ಒಂದೊಂದೇ ತುಳಿದು ದಾಟಿದಳು.

ನಾನು ನೋಡುತ್ತಾ ನಿಂತುಬಿಟ್ಟೆ. ಮೇಲೆ ತಲುಪಿದಾಗ ಹನ್ನೆರಡು ಹೊಡೆದು ಒಂದು ನಿಮಿಷವಾಗಿತ್ತು. ನನಗೆ ಬಿಲ್ಲೆ ಇಲ್ಲ. ಅವಳ ಕೊರಳಲ್ಲಿತ್ತು. ಆ ದಿನ ಬೆಟ್ಟದಲ್ಲಿ ನನ್ನಷ್ಟು ಬೀಗಿದವನು ಇನ್ನೊಬ್ಬನಿರಲಿಲ್ಲ.

ಮರುವಾರ ಅವಳೇ ಮನೆಗೆ ಕರೆದಳು. ಮಗ್ಗದ ಮೇಲೆ ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು.

"ಯಾರ ಆರ್ಡರ್?"

"ಮಾರೋಕಲ್ಲ. ನಂದೇ. ಮದ್ವೆಗೆ."

ಅಂಚು ಮುಟ್ಟಲು ಹೋದ ಕೈ ಹಿಂದೆಗೆದೆ. "ಯಾರ್ ಜೊತೆ?"

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟು, ನನ್ನ ಕೈಗೆ ಲಾಳಿ ಇಟ್ಟಳು. "ಒಂದ್ ಬೆರಳಗಲ ನೀವ್ ನೇಯ್ರಿ."

"ಬ್ಯಾಡ ಕಣ್ರಿ. ನಂಗೆ ಬರಾಕಿಲ್ಲ. ಗೆರೆ ಬೀಳ್ತದೆ. ಒಂದ್ ಸೀರೆಗೆ ಒಂದೇ ಕೈ ಅಂತ ನಿಮ್ ಅಪ್ಪಾಜಿನೇ ಏಳಿಲ್ವಾ?"

ಪಡಸಾಲೆಯಲ್ಲಿ ದೇವಣ್ಣನವರು ಸುಮ್ಮಸುಮ್ಮನೆ ಕೆಮ್ಮಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದರು.

ಚೈತ್ರ ನನ್ನ ಕೈ ಹಿಡಿದು ಮಗ್ಗದ ಹಲಗೆಯ ಮೇಲಿಟ್ಟಳು. "ಓದ್ ವರ್ಷ ನೀವ್ ಕೇಳ್ದೆ ಕೈ ಹಾಕುದ್ರಿ. ಈಗ ನಾನೇ ಕೇಳ್ತಿವ್ನಿ. ಗೆರೆ ಬೀಳ್ಲಿ. ಯಾರಾದ್ರೂ ಇದೇನಮ್ಮಾ ಅಂದ್ರೆ, ನಮ್ಮೋರ ಕೈ ಅಂತ ತೋರುಸ್ತೀನಿ."

ನಾನು ಎಳೆಗಳ ನಡುವೆ ಲಾಳಿ ಎಸೆದೆ.