ಮೂರು ಕಡೆ ಬೆಳಕಿನ ಮನೆ

“ಆ ಹೊರಗೋಡೆಗೆ ಮೊಳೆ ಹೊಡೀಬೇಡಿ. ಅದರೊಳಗೆ ಮಾಟದ ಗಂಟಿದೆ,” ಎಂದಳು ಮೂರನೇ ಮನೆಯ ಟೈಲರಮ್ಮ.

ತುದಿಮನೆಗೆ ಸಾಮಾನು ಇಳಿಸಿಕೊಳ್ಳುತ್ತಿದ್ದವನು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು ಅವಳನ್ನೇ ನೋಡಿದ. ಟೈಲರಮ್ಮ ಕತ್ತಿಗೆ ನೇತುಹಾಕಿಕೊಂಡಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಾ ದನಿ ತಗ್ಗಿಸಿದಳು.

“ಈ ಸಾಲು ಕಟ್ಟಿಸಿದವನು ಸ್ವಂತ ತಮ್ಮನಿಗೆ ಕತ್ತಲೆ ಮನೆ ಹಿಡಿಸಿ ತುದಿಮನೆ ತಾನಿಟ್ಕೊಂಡ. ತಮ್ಮನ ಹೆಂಡತಿ ಎಲ್ಲಿಂದಲೋ ಮಾಟ ಮಾಡಿಸ್ಕೊಂಡು ಬಂದು, ಗಾರೆ ಹಸಿ ಇರೋವಾಗ್ಲೇ ಆ ಗೋಡೇಲಿ ಹುದುಗಿಸಿಟ್ಲು. ತನ್ನೋರಿಗೆ ಮೋಸ ಮಾಡಿ ತುದೀಲಿ ಕೂತವನನ್ನ ಅದು ತುದೀಲಿ ಇರೋಕೆ ಬಿಡಲ್ಲ.”

“ಅಲ್ಲಮ್ಮ, ಬೆಲೆ ಕಟ್ಟೋ ಫಾರಮ್ಮಿನಲ್ಲಿ ರಸ್ತೆ ಎಷ್ಟಗಲ, ನೀರು ಬರುತ್ತಾ, ಗಾಳಿ ಆಡುತ್ತಾ ಅಂತೆಲ್ಲ ಕೇಳ್ತಾರೆ. ಮಾಟಕ್ಕೆ ಜಾಗಾನೇ ಬಿಟ್ಟಿಲ್ಲ. ಎಲ್ಲಿ ಬರ್ಕೊಳ್ಳಲಿ?”

ಟೈಲರಮ್ಮ ನಗಲಿಲ್ಲ. “ನೀವು ಯಾರಿಗೂ ಮೋಸ ಮಾಡಿಲ್ವಲ್ಲ, ಹಾಗಾದ್ರೆ ಬಿಡಿ,” ಎಂದು ತನ್ನ ಮನೆಗೆ ಹೋದಳು.

ಮನೆಗಳಿಗೆ ಬೆಲೆ ಕಟ್ಟುವುದೇ ಅವನ ಕಸುಬು. ಒಂದಕ್ಕೊಂದು ಅಂಟಿಕೊಂಡ ಇಂಥ ಸಾಲುಮನೆಗಳ ಮರ್ಮ ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ನಡುವಿನ ಮನೆಗಳಿಗೆ ಎರಡೂ ಪಕ್ಕ ಪರರ ಗೋಡೆ. ಬೆಳಕು ಮುಂದಿನಿಂದ ಬಂದರೆ ಬಂತು, ಹಿಂದಿನಿಂದ ಬಂದರೆ ಬಂತು. ಪಕ್ಕದವರು ಸೀನಿದರೆ ಇಲ್ಲಿಯವರು ಬೆಚ್ಚಬೇಕು. ತುದಿಮನೆಯ ಗತ್ತೇ ಬೇರೆ. ಅದರ ಒಂದು ಪಕ್ಕ ಬಯಲು, ಮೂರು ಕಡೆ ಕಿಟಕಿ. ಕಟ್ಟುವಾಗ ಎರಡಕ್ಕೂ ಅಷ್ಟೇ ಇಟ್ಟಿಗೆ ಹಿಡಿದಿರಬಹುದು, ಆದರೆ ಮಾರಲು ಹೊರಟ ದಿನ ತುದಿಮನೆಗೆ ಜನ ಮುಗಿಬೀಳುತ್ತಾರೆ, ನಡುವಿನ ಮನೆಯವನು ಬಾಗಿಲಲ್ಲಿ ನಿಂತು ದಾರಿ ಕಾಯುತ್ತಾನೆ.

ಇಷ್ಟೆಲ್ಲ ಗೊತ್ತಿದ್ದವನು ಅಕ್ಕನಿಗೆ ಮಾತ್ರ ಒಂದನ್ನೂ ಹೇಳಲಿಲ್ಲ. ಎಷ್ಟೋ ಕಾಲದಿಂದ ಬೀಗ ಬಿದ್ದಿದ್ದ ಈ ತುದಿಮನೆಯನ್ನೂ ಪಕ್ಕದ ಮನೆಯನ್ನೂ ಮಾಲೀಕ ಒಟ್ಟಿಗೇ ಮಾರಿದಾಗ, ಅಕ್ಕತಮ್ಮಂದಿರು ಸರಿಅರ್ಧ ಹಾಕಿ ಕೊಂಡರು. ಅಕ್ಕನದು ಗಡಿಯಾರ ರಿಪೇರಿಯ ಕೆಲಸ. ಭಾವ ತೀರಿಕೊಂಡ ಮೇಲೆ ಅವರ ಮೇಜು, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲವನ್ನೂ ಅವಳೇ ವಹಿಸಿಕೊಂಡಿದ್ದಳು.

“ನನಗೆ ಇದೆಲ್ಲ ತಿಳಿಯಲ್ಲ ಕಣೋ. ಮೇಜಿನ ಮೇಲೆ ಒಂದಿಷ್ಟು ಬೆಳಕು ಬಿದ್ರೆ ಸಾಕು. ಯಾವ್ದು ಅಂತ ನೀನೇ ಹೇಳು,” ಎಂದಿದ್ದಳು.

“ಎರಡೂ ಒಂದೇ ಅಕ್ಕ. ಅಳತೆ ಒಂದೇ, ಬೆಲೆ ಒಂದೇ. ನಡುವಿಂದು ನೀನಿಟ್ಕೋ. ಎರಡೂ ಕಡೆ ಜನ ಇರ್ತಾರೆ, ಭಯ ಇರಲ್ಲ,” ಎಂದಿದ್ದ ಇವನು. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅಕ್ಕ ತಲೆಯಾಡಿಸಿ ಆ ಮನೆಯ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ವರ್ಷ ಕಳೆಯುವುದರೊಳಗೆ ಅವಳ ಮೇಜು ನಡುಕೋಣೆಯಿಂದ ಹೊಸ್ತಿಲಿಗೆ ಬಂತು. ಹಗಲಿಡೀ ದೀಪ ಉರಿಸಿಯೂ ಸಾಲದೆ, ಬಾಗಿಲು ತೆರೆದಿಟ್ಟು ಬೀದಿಯ ಬೆಳಕಿಗೆ ಬೆನ್ನು ಬಾಗಿಸಿ ಕೂರುತ್ತಿದ್ದಳು. ಧೂಳು ಹಾರಿ ಗಡಿಯಾರದೊಳಗೆ ಬೀಳುತ್ತಿತ್ತು. ಅವಳ ಕಣ್ಣು ಸದಾ ಕೆಂಪಗಿರುತ್ತಿತ್ತು. ಕೆಲಸಕ್ಕೆ ಹೊರಟ ತಮ್ಮ ಅವಳನ್ನು ದಾಟಿ ಹೋಗುವಾಗ ಮೊಬೈಲು ನೋಡುತ್ತಾ ಹೋಗುತ್ತಿದ್ದ. ನಾಚಿಕೆಯಾಗುತ್ತಿರಲಿಲ್ಲ ಅಂತೇನಿಲ್ಲ. ಆಗುತ್ತಿತ್ತು, ಚೆನ್ನಾಗಿಯೇ ಆಗುತ್ತಿತ್ತು. ಆದರೆ ಬೀದಿಯ ತಿರುವಿನವರೆಗೆ ಅದನ್ನು ತಡೆದುಕೊಂಡರೆ ಆಮೇಲೆ ಕಚೇರಿಯ ಗಲಾಟೆಯಲ್ಲಿ ಮರೆತುಹೋಗುತ್ತಿತ್ತು.

ಊರಿನ ಆ ಭಾಗಕ್ಕೆ ಬೇಡಿಕೆ ಏರಿದ್ದೇ ತಡ, ಮಾರಿಬಿಡೋಣವೆಂದು ದಲ್ಲಾಳಿಗೆ ಫೋನು ಹಚ್ಚಿದ. “ಪಕ್ಕದ್ದು ಕೇಳ್ಬೇಡಿ, ಅದು ಅಕ್ಕಂದು. ನಡುವಿನ ಮನೆ ಯಾರಿಗ್ರೀ ಬೇಕು? ಇದು ಮೂರು ಕಡೆ ಬೆಳಕಿನ ಮನೆ,” ಎಂದು ನಕ್ಕ.

ಅವನ ನಗು ನಿಂತ ಮೇಲೂ ನಗು ಕೇಳಿಸಿತು. ಹೊರಗೋಡೆಯಿಂದ.

ಅವನು ಹೊರಗೆ ಹೋಗಿ ನೋಡಿದ. ಗೋಡೆಯಾಚೆ ಹುಲ್ಲು ಬೆಳೆದ ಬಯಲು, ಬಿಸಿಲಲ್ಲಿ ಮಲಗಿದ ಒಂದು ನಾಯಿ. ಒಳಗೆ ಬಂದರೆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು, ಅದರ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಗೋಡೆ ಮುಟ್ಟಿ ನೋಡಿದ. ತಣ್ಣಗೆ, ಜಿನುಗುತ್ತಿತ್ತು. ಅವನಿಗೆ ಮೊದಲು ಹುಟ್ಟಿದ್ದು ದೆವ್ವದ ಭಯವಲ್ಲ. ತೇವ ಹಿಡಿದ ಗೋಡೆ ಕಂಡರೆ ಕೊಳ್ಳುವವರು ಚೌಕಾಶಿ ಮಾಡುತ್ತಾರಲ್ಲ ಎಂಬ ಚಿಂತೆ. ಒಂದು ದೊಡ್ಡ ಕ್ಯಾಲೆಂಡರು ತಂದು ಅಲ್ಲಿಗೆ ನೇತುಹಾಕಿದ. ಟೈಲರಮ್ಮನ ಮಾತು ನೆನಪಾದರೂ ಮೊಳೆ ಹೊಡೆದೇಬಿಟ್ಟ.

ಮರುದಿನ ಮಧ್ಯಾಹ್ನ ಕೊಳ್ಳುವವರು ಬಂದರು, ಗಂಡ ಹೆಂಡತಿ ಇಬ್ಬರೇ. ಹೊರಗೆ ಸುಡುಬಿಸಿಲು. ಮನೆಯೊಳಗೆ ಮಾತ್ರ ಸಂಜೆಯಂಥ ಮಬ್ಬು. ಪಕ್ಕದ ಕಿಟಕಿಯಲ್ಲಿ ಬೆಳಕು ಹಿಂಜರಿದು ನಿಂತಿತ್ತು.

“ಇದು ತುದಿಮನೆ ತಾನೆ?” ಗಂಡ ಕೇಳಿದ.

“ಹೌದು ಸಾರ್. ಆ ಕಡೆ ಬರೀ ಬಯಲು. ನೀವೇ ನೋಡಿದ್ರಲ್ಲ.”

ಆ ಕಡೆ ಯಾರೋ ಕುರ್ಚಿ ಎಳೆದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಗೋಡೆಯೊಳಗಿಂದ, ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ, ಅವನದೇ ದನಿ ಬಂತು. “ಎರಡೂ ಒಂದೇ ಅಕ್ಕ. ನಡುವಿಂದು ನೀನಿಟ್ಕೋ.”

ಕೊಳ್ಳಲು ಬಂದವನು ಗೋಡೆಯನ್ನು ನೋಡಿದ, ಇವನ ಬಾಯನ್ನು ನೋಡಿದ. ಬಾಯಿ ಮುಚ್ಚಿಯೇ ಇತ್ತು.

“ನಡುವಿನ ಮನೆ ಯಾರಿಗ್ರೀ ಬೇಕು?” ಎಂದಿತು ಗೋಡೆ, ಅದೇ ನಗು ನಕ್ಕು.

ಹೆಂಡತಿ ಗಂಡನ ತೋಳು ಹಿಡಿದು ಎಳೆದಳು. ಬಾಗಿಲು ದಾಟುವಾಗ ತಿರುಗಿ ಅವನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಹೆದರಿಕೆಗಿಂತ ಹೇಸಿಗೆಯೇ ಹೆಚ್ಚಿತ್ತು. ನಾಚಿಕೆಯಿಂದ ಅವನ ಮುಖ ಕಿವಿಯವರೆಗೂ ಬಿಸಿಯಾಯಿತು. ಅವರ ಹಿಂದೆಯೇ ಓಡಲು ಹೊರಟ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅವನು ಕಿಟಕಿಗೆ ಓಡಿದ. ಕಿಟಕಿಯಾಚೆ ಬಯಲಿರಲಿಲ್ಲ. ಇಟ್ಟಿಗೆ ಇತ್ತು. ಹಸಿ ಗಾರೆಯ, ಆಗಷ್ಟೇ ಕಟ್ಟಿದ ಗೋಡೆ. ಮುಂದಿನ ಕಿಟಕಿಗೆ ಬಂದ. ಅಲ್ಲೂ ಇಟ್ಟಿಗೆ. ಹಿಂದೆ ತಿರುಗಿದ. ಬೆಳಕು ಹೋಯಿತು. ಕರಣೆಯಿಂದ ಗಾರೆ ಕೆರೆಯುವ ಸದ್ದು. ಸುಣ್ಣದ ಘಾಟು. ಕಣ್ಣು ಉರಿಯಿತು. ಕೈ ಚಾಚಿದ. ಬೆರಳಿಗೆ ಗೋಡೆ. ಮತ್ತೊಂದು ಕೈ ಚಾಚಿದ. ಅಲ್ಲೂ ಗೋಡೆ. ಈಗಷ್ಟೇ ಅದು ಅಷ್ಟು ಹತ್ತಿರ ಇರಲಿಲ್ಲ. ಭುಜಕ್ಕೆ ತಾಗಿತು. ಎದೆಗೆ ತಾಗಿತು. ಎಲ್ಲ ಕಡೆಯಿಂದ ಅವನದೇ ದನಿ. ಎರಡೂ ಒಂದೇ ಅಕ್ಕ. ಎರಡೂ ಒಂದೇ. ಒಂದೇ.

“ಕೊಟ್ಬಿಡ್ತೀನಿ,” ಎಂದು ಅರಚಿದ. “ಈ ಮನೆ ಅಕ್ಕನಿಗೇ ಕೊಟ್ಬಿಡ್ತೀನಿ.”

ಕೆರೆಯುವ ಸದ್ದು ನಿಂತಿತು. ಗೋಡೆ ಕಾಯುತ್ತಿತ್ತು.

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಪಾರಾಗುತ್ತಿದ್ದ. ಆದರೆ ಜೀವಮಾನವಿಡೀ ಚೌಕಾಶಿ ಮಾಡಿದವನು, ಕೊನೆಯ ಮಾತಲ್ಲೂ ಒಂದಿಷ್ಟು ಉಳಿಸಿಕೊಳ್ಳಲು ನೋಡಿದ. “ಮನೆ ಕೊಡ್ತೀನಿ. ಮೋಸದ ವಿಷಯ ಮಾತ್ರ ಅವಳಿಗೆ ಹೇಳೋಕಾಗಲ್ಲ. ಅದೊಂದು ನನ್ನ ಬಾಯಿಂದ ಬೇಡ.”

ಗೋಡೆ ಒಪ್ಪಿಕೊಂಡಿತು. ತಣ್ಣನೆಯದೊಂದು ಅವನ ಗಂಟಲೊಳಗೆ ಇಳಿದು, ಏನನ್ನೋ ಗಂಟುಕಟ್ಟಿ ಎಳೆದುಕೊಂಡು ಹೋಯಿತು.

ಬಾಗಿಲು ತೆರೆದವಳು ಅಕ್ಕ. ಭೂತಗನ್ನಡಿ ಹಣೆಯ ಮೇಲೇರಿತ್ತು. “ಏನೋ ಅದು, ಗೋಡೆ ಗುದ್ದಿದ ಸದ್ದು? ಯಾಕೋ ಹೀಗೆ ನಡುಗ್ತಿದೀಯಾ?” ಅವಳ ಹಿಂದೆ ಧಾರಾಳ ಬಿಸಿಲು. ಪಕ್ಕದ ಕಿಟಕಿಯಲ್ಲಿ ಹುಲ್ಲು, ನಾಯಿ, ಬಯಲು. ಅವನು ಬಾಯಿ ತೆರೆದ. ಉಸಿರು ಬಂತು, ಮಾತು ಬರಲಿಲ್ಲ. ಮನೆಯ ಬೀಗದ ಕೈಯನ್ನು ಅವಳ ಅಂಗೈಗೆ ಒತ್ತಿ, ಅಳುತ್ತಾ ಹೋಗಿ ಅವಳ ಮೇಜನ್ನು ತಾನೇ ಎಳೆದುಕೊಂಡು ಬಂದು ಆ ಕಿಟಕಿಯ ಕೆಳಗೆ ಇಟ್ಟ.

ಗಂಟಲಲ್ಲಿ ಏನೂ ತೊಂದರೆ ಇಲ್ಲ ಎಂದರು ಡಾಕ್ಟರು. ಹೊರಗೋಡೆ ಒಣಗಿತು, ಮತ್ತೆ ಸದ್ದು ಮಾಡಲಿಲ್ಲ. ಅಕ್ಕನ ಕಣ್ಣಿನ ಕೆಂಪು ಇಳಿಯಿತು. ಅವನು ನಡುವಿನ ಮನೆಗೆ ಹೋದ.

ಅಲ್ಲಿ ಒಂಟಿ ಇಟ್ಟಿಗೆಯ ಗೋಡೆಯಾಚೆಯಿಂದ ಎಲ್ಲವೂ ಕೇಳಿಸುತ್ತದೆ. ಗಡಿಯಾರ ತಂದವರೆಲ್ಲರಿಗೂ ಅಕ್ಕ ಹೇಳುತ್ತಾಳೆ: “ಈ ಬೆಳಕು ನನ್ನ ತಮ್ಮ ಕೊಟ್ಟಿದ್ದು ಕಣ್ರೀ. ನನ್ನ ಕಷ್ಟ ನೋಡಲಾರ್ದೆ ತನ್ನ ಮನೇನೇ ಬಿಟ್ಕೊಟ್ಟ. ಪಾಪ, ಮಾತು ಹೋದ್ರೂ ಮನಸ್ಸು ನೋಡಿ ಎಂಥದ್ದು.” ದಿನವೂ ಹೇಳುತ್ತಾಳೆ. ಅವನು ದಿಂಬಿನಲ್ಲಿ ಕಿವಿ ಮುಚ್ಚಿಕೊಳ್ಳುತ್ತಾನೆ. ಬೀದಿಗೆ ಬಂದರೆ ಟೈಲರಮ್ಮ ಕೂಡ ಎದ್ದು ನಿಂತು ಕೈಮುಗಿಯುತ್ತಾಳೆ.

ಒಂದು ಬೆಳಗ್ಗೆ ಅಕ್ಕ ಬಂದವಳು ಅವನ ಮುಖವನ್ನೇ ನೋಡುತ್ತಾ ಕೂತಳು. “ಒಳಗೊಳಗೇ ಏನೋ ಕೊರೀತಿದೆ ಕಣೋ ನಿನ್ನ. ಬಾಯಿ ಹೋದ್ರೇನಂತೆ, ಕೈ ಇದೆಯಲ್ಲ. ಬರ್ದು ತೋರಿಸು,” ಎಂದು ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟಳು.

ಮಾಟ ಅವನ ಕೈಯನ್ನು ಮುಟ್ಟಿರಲಿಲ್ಲ. ಅವನು ಪೆನ್ನು ಎತ್ತಿಕೊಂಡ. ಆಮೇಲೆ ‘ಏನಿಲ್ಲ ಅಕ್ಕ’ ಎಂದು ಬರೆದು, ಹಾಳೆಯನ್ನು ಅವಳ ಕಡೆಗೆ ತಿರುಗಿಸಿದ.