ಗೋಡೆ ಕಡೆ ತಿರುಗಿ ಕೂತ ಹೇಮಾ ಮಿಸ್

ನಂಜನಗೂಡಿನ ಆ ಸಭಾಂಗಣಕ್ಕೆ ಹೇಮಲತಾ ಕಾಲಿಟ್ಟಳೋ ಇಲ್ಲವೋ, ಎದೆ ಧಸಕ್ ಅಂತು.

ಅವನು!

ತೀರ್ಪುಗಾರರ ಮೇಜಿನ ಹಿಂದೆ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಪೆನ್ನಿನ ತುದಿ ಕಚ್ಚುತ್ತಾ ಕೂತಿದ್ದ... ಚೆಲುವರಾಜು.

'ಇಡೀ ಕರ್ನಾಟಕದಲ್ಲಿ ತೀರ್ಪು ಹೇಳೋಕೆ ಇವನೊಬ್ಬನೇ ಸಿಕ್ಕಿದ್ನಾ ಇವರಿಗೆ?'

ರಾಜ್ಯ ಮಟ್ಟದ ಪ್ರೌಢಶಾಲಾ ಕ್ವಿಜ್‌ನ ಫೈನಲ್. ಐದು ತಂಡ. ಕವಲಂದೆಯ ಶಾಲೆಯಿಂದ ಹೇಮಲತಾ ಕರಕೊಂಡು ಬಂದಿದ್ದ ಇಬ್ಬರು ಮಕ್ಕಳು ಅವಳ ಸೆರಗಿನ ಹಿಂದೆ ಅವಿತುಕೊಂಡು ವೇದಿಕೆಯನ್ನೇ ಕಣ್ಣರಳಿಸಿ ನೋಡುತ್ತಿದ್ದವು. ಅವನು ಎದ್ದು ಬಂದ.

"ಹೇಮಾ..."

"ಹೇಮಲತಾ ಮೇಡಂ ಅನ್ನಿ ಸರ್. ಎಲ್ಲಿ ಸಹಿ ಮಾಡ್ಬೇಕು?"

ಅವನ ಮುಖ ಬಾಡಿತು. ಬಾಡಲಿ! ಒಂದು ವರ್ಷದಿಂದ ಇವಳು ಬಾಡಿದ್ದನ್ನ ನೋಡೋಕೆ ಯಾರು ಬಂದಿದ್ದರು?

ಸಹಿ ಹಾಕಿದಳು. ಶಿಕ್ಷಕರ ಸಾಲಿಗೆ ಹೋದಳು. ಆಮೇಲೆ ಅವಳು ಮಾಡಿದ ಕೆಲಸ ಇದೆಯಲ್ಲ, ಅದನ್ನ ಅಲ್ಲಿದ್ದವರು ಯಾರೂ ಮರೆಯೋ ಹಾಗಿಲ್ಲ. ತನ್ನ ಕುರ್ಚಿಯನ್ನ ಎತ್ತಿ ಹಿಂದುಮುಂದು ಮಾಡಿದಳು. ವೇದಿಕೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಳು!

"ಯಾಕ್ ಮೇಡಂ?" ಪಕ್ಕದ ಶಿಕ್ಷಕರು ಗಾಬರಿಯಾದರು. "ಮಕ್ಕಳು ಆ ಕಡೆ ಇದ್ದಾರೆ."

"ಗೊತ್ತು ಸರ್. ನಾನು ಸನ್ನೆ ಮಾಡೋ ಟೀಚರ್. ನನ್ನ ಮುಖ ಮಕ್ಕಳಿಗೆ ಕಾಣದೇ ಇರೋದೇ ವಾಸಿ."

ಮೆಲ್ಲಗೇನೂ ಹೇಳಲಿಲ್ಲ. ತೀರ್ಪುಗಾರರ ಮೇಜಿಗೆ ಕೇಳಿಸಲಿ ಅಂತಲೇ ಹೇಳಿದಳು.

ಇವಳಿಗೆ ಯಾಕಿಷ್ಟು ಕೋಪ ಅಂತೀರಾ? ಹೇಳ್ತೀನಿ, ಕೇಳಿ.

ಮೂರು ವರ್ಷದ ಹಿಂದೆ ತಿ. ನರಸೀಪುರದಲ್ಲಿ ಶಿಕ್ಷಕರಿಗೆ ಪ್ರಶ್ನೆ ತಯಾರಿಸೋ ತರಬೇತಿ ಇತ್ತು. ಅಲ್ಲಿನ ಮೇಷ್ಟ್ರು ಚೆಲುವರಾಜು. ಇವಳು ಬರೆದ ಹತ್ತು ಪ್ರಶ್ನೆಯಲ್ಲಿ ಒಂಬತ್ತಕ್ಕೆ ಕೆಂಪು ಗೀಟು ಎಳೆದ. ಇವಳೇನು ಕಮ್ಮಿಯಾ? ಅವನ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಹತ್ತಕ್ಕೂ ಎಳೆದಳು! ಜಗಳದಲ್ಲೇ ಶುರುವಾಗಿದ್ದು ಇದು. ಆಮೇಲೆ ಭಾನುವಾರ ಬಂದರೆ ಸಂಗಮದ ಮೆಟ್ಟಿಲ ಮೇಲೆ ಇಬ್ಬರೂ ಹಾಜರ್. ಕಾಲು ನೀರಿಗೆ ಬಿಟ್ಟುಕೊಂಡು, ಒಂದು ಪೊಟ್ಟಣ ಕಡ್ಲೆಕಾಯಿ ಮಧ್ಯೆ ಇಟ್ಟುಕೊಂಡು, ಪ್ರಶ್ನೆ ಮೇಲೆ ಪ್ರಶ್ನೆ. ಎರಡೂ ಮನೆಯವರು ಒಪ್ಪಿದ್ದರು. ಮಾಘ ಮಾಸದಲ್ಲಿ ಮದುವೆ ಮಾತುಕತೆ ಅಂತ ದಿನವೂ ಗೊತ್ತಾಗಿತ್ತು.

ಅಷ್ಟರಲ್ಲಿ ಬಂತು ನೋಡಿ, ಕಳೆದ ವರ್ಷದ ಫೈನಲ್. ಮೈಸೂರಿನಲ್ಲಿ.

ಹೇಮಲತಾಳ ತಂಡದ ನಾಯಕಿ ಬಿಂದುಶ್ರೀ, ಹತ್ತನೇ ಕ್ಲಾಸು. ಪುಸ್ತಕ ಕೊಟ್ಟರೆ ಊಟ ಮರೆಯೋ ಹುಡುಗಿ. ಗೆದ್ದ ತಂಡದ ಮಕ್ಕಳಿಗೆ ಮೈಸೂರಿನ ಒಂದು ವಸತಿ ಕಾಲೇಜಿನಲ್ಲಿ ಎರಡು ವರ್ಷ ಉಚಿತವಾಗಿ ಪಿಯುಸಿ ಸೈನ್ಸ್ ಓದೋ ಸೀಟು. ಆ ಹುಡುಗಿಯ ಕಣ್ಣೆಲ್ಲ ಅದರ ಮೇಲೇ ಇತ್ತು.

ಕೊನೆಯ ಸುತ್ತು. ಯಾವ ಗ್ರಹಕ್ಕೆ ತನ್ನ ಸುತ್ತ ತಾನೇ ಒಂದು ಸಲ ತಿರುಗೋಕೆ ಅದರ ಒಂದು ವರ್ಷಕ್ಕಿಂತ ಹೆಚ್ಚು ಹೊತ್ತು ಬೇಕು ಅಂತ ಪ್ರಶ್ನೆ. ಜೊತೆಗಾರ ಕಿರಣ್ "ಬುಧನಾ... ಶುಕ್ರನಾ..." ಅಂತ ಪಿಸುಗುಟ್ಟಿದ್ದು ಮೈಕಿನಲ್ಲಿ ಕೇಳಿಸಿತು. ಬಿಂದುಶ್ರೀ ತಲೆ ಎತ್ತಿ ಶಿಕ್ಷಕರು ಕೂತಿದ್ದ ಹಿಂದಿನ ಸಾಲಿನ ಕಡೆ ನೋಡಿದಳು. "ಶುಕ್ರ" ಅಂದಳು. ಉತ್ತರ ಸರಿ!

ತೀರ್ಪುಗಾರನಾಗಿದ್ದ ಚೆಲುವರಾಜು ಮೈಕ್ ಎತ್ತಿಕೊಂಡ.

"ಕವಲಂದೆ ತಂಡದ ಶಿಕ್ಷಕಿ ಸನ್ನೆ ಮಾಡಿದ್ದಾರೆ. ಈ ಪ್ರಶ್ನೆ ರದ್ದು. ಹತ್ತು ಅಂಕ ಕಡಿತ."

ಹೇಮಲತಾ ತನ್ನ ಕೈ ಎಲ್ಲಿದೆ ಅಂತ ಆಗ ಗಮನಿಸಿದಳು. ಹೌದು... ಅವಳ ಕೈ ಕಿವಿಯೋಲೆ ಮೇಲಿತ್ತು. ಯಾವಾಗ ಹೋಗಿತ್ತೋ ಅವಳಿಗೇ ಗೊತ್ತಿಲ್ಲ. ತಂಡ ಐದೇ ಐದು ಅಂಕದಲ್ಲಿ ಸೋತಿತು. ಅವತ್ತಿಂದ ಅವಳು ಅವನ ಫೋನ್ ಎತ್ತಲಿಲ್ಲ. ಮಾಘ ಮಾಸ ಬಂತು, ಹೋಯಿತು. ಮಾತುಕತೆ ಮುರಿದುಬಿತ್ತು.

ಮುರಿದದ್ದು ಅದೊಂದೇ ಆಗಿದ್ದರೆ ಚೆನ್ನಾಗಿತ್ತು. ಊರಲ್ಲಿ ಬಿಂದುಶ್ರೀಗೆ "ಮಿಸ್ ಹೇಳ್ಕೊಟ್ಟಿದ್ದನ್ನ ಒಪ್ಪಿಸೋಳು" ಅಂತ ಹೆಸರು ಬಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಅಂಕ ತೆಗೆದರೂ ಜನ ಆಡಿಕೊಂಡರು. ಅವಳು ಯಾವ ಕಾಲೇಜಿಗೂ ಅರ್ಜಿ ಹಾಕಲಿಲ್ಲ. ಟೈಲರಿಂಗ್ ಕ್ಲಾಸಿಗೆ ಸೇರಿಕೊಂಡಳು. ದಾರಿಯಲ್ಲಿ ಎದುರಾದರೆ ಹೇಮಲತಾನೇ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದಳು.

ಈಗ ಬನ್ನಿ, ಗೋಡೆಯ ಹತ್ತಿರಕ್ಕೆ.

ಬೆನ್ನ ಹಿಂದೆ ಬಜರ್ ಸದ್ದು, ಚಪ್ಪಾಳೆ. ಹೇಮಲತಾ ಸುಣ್ಣದ ಬಿರುಕು ನೋಡುತ್ತಾ ಕೂತಿದ್ದಳು. ನಾಲ್ಕನೇ ಸುತ್ತಿನಲ್ಲಿ ಯಾರೋ ಎರಡು ಸಲ ಜೋರಾಗಿ ಕೆಮ್ಮಿದರು. ತಕ್ಷಣ ಮೈಕಿನಲ್ಲಿ ಅದೇ ದನಿ.

"ಎರಡನೇ ತಂಡದ ಶಿಕ್ಷಕರು ದಯವಿಟ್ಟು ಸುಮ್ಮನಿರಬೇಕು. ನಿಯಮದ ಪ್ರಕಾರ ಇದು ಮೊದಲ ಎಚ್ಚರಿಕೆ. ಮತ್ತೆ ಹೀಗಾದರೆ ಪ್ರಶ್ನೆ ರದ್ದಾಗುತ್ತೆ."

ಹೇಮಲತಾ ಕುರ್ಚಿಯಲ್ಲೇ ನೆಟ್ಟಗಾದಳು.

'ಮೊದಲ ಎಚ್ಚರಿಕೆ?! ಹಾಗಂದ್ರೆ... ಎಚ್ಚರಿಕೆ ಅಂತ ಒಂದು ಇತ್ತಾ?'

ಆಮೇಲೆ ನಡೆದದ್ದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಅವಳ ಮಕ್ಕಳಿಗೆ ಮೂರನೇ ಸ್ಥಾನ ಬಂತು. ಕುಣಿದುಕೊಂಡು ಬಂದ ಮಕ್ಕಳ ತಲೆ ಸವರಿ, ಊಟಕ್ಕೆ ಕಳಿಸಿ, ಅವಳು ನೇರವಾಗಿ ಹಿತ್ತಲ ನಲ್ಲಿಯ ಹತ್ತಿರ ಹೋದಳು. ಅವನು ಅಲ್ಲಿ ಮುಖ ತೊಳೆಯುತ್ತಿದ್ದ.

"ಆ ನಿಯಮ ಈ ವರ್ಷ ಬಂದಿದ್ದಾ ಸರ್?"

ಅವನು ನಲ್ಲಿ ನಿಲ್ಲಿಸಿದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲ... ಮೊದಲಿಂದಲೂ ಇದೆ. ತೀರ್ಪುಗಾರರಿಗೆ ಮಾತ್ರ ಕೊಡೋ ಹಾಳೆಯಲ್ಲಿ."

"ಮತ್ತೆ ನನಗೆ? ನನಗ್ಯಾಕೆ ಇರ್ಲಿಲ್ಲ ಎಚ್ಚರಿಕೆ? ಕೆಮ್ಮಿದೋರಿಗೆ ದಯವಿಟ್ಟು! ನನಗೆ ಸೀದಾ ಕತ್ತು ಕೊಯ್ಯೋದಾ?"

"ಹೇಮಾ, ಅವತ್ತು ಹಾಲ್‌ನಲ್ಲಿದ್ದ ಅರ್ಧ ಜನಕ್ಕೆ ನಮ್ಮಿಬ್ಬರ ವಿಷಯ ಗೊತ್ತಿತ್ತು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದಿದ್ರೆ, ಹೆಂಡ್ತಿಯಾಗೋಳು ಅಂತ ಗೆಲ್ಲಿಸ್ದ ಅನ್ನೋರು. ನಾನು... ಹೆದರ್ಕೊಂಡೆ."

"ಓಹೋ! ನೀನು ದೊಡ್ಡ ನ್ಯಾಯವಂತ ಅನ್ನಿಸ್ಕೊಳ್ಳೋಕೆ ನನ್ನ ಮಗು ಬಲಿಯಾಗ್ಬೇಕಿತ್ತು!"

'ಸರ್' ಹೋಗಿ 'ನೀನು' ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅವನಿಗೆ ಗೊತ್ತಾಯಿತು. ಕಣ್ಣು ತುಂಬಿಕೊಂಡವು.

"ಆದ್ರೆ ನೀನು ಸನ್ನೆ ಮಾಡಿದ್ದು ನಿಜ ಹೇಮಾ. ಸರಿ ಉತ್ತರ ಕಿವಿಗೆ ಬಿದ್ರೆ ನಿನ್ನ ಕೈ ಓಲೆಗೆ ಹೋಗುತ್ತೆ. ಸಂಗಮದ ಮೆಟ್ಟಿಲ ಮೇಲೆ ಎಷ್ಟು ಭಾನುವಾರ ನೋಡಿದ್ದೀನಿ. ಶುಕ್ರ ಅಂದ ತಕ್ಷಣ ಹೋಯ್ತು. ಅವಳು ನಿನ್ನ ಕಡೆ ನೋಡಿದ್ಲು, ಉತ್ತರ ಹೇಳಿದ್ಲು. ಕಣ್ಣಾರೆ ಕಂಡೆ."

ಅವಳು ತಲೆ ತಗ್ಗಿಸಿದಳು. ಒಂದು ವರ್ಷದಿಂದ ಅವಳನ್ನ ಒಳಗೇ ಕೊರೆಯುತ್ತಿದ್ದದ್ದು ಇದೇ.

"ಹೌದು, ಕೈ ಹೋಗಿತ್ತು. ತಪ್ಪು ನಂದೇ. ಆದ್ರೆ ಅದಕ್ಕೆ ಶಿಕ್ಷೆ ಅನುಭವಿಸ್ತಿರೋದು ಅವಳು. ನನ್ನ ಹತ್ರ ಅಳಬೇಡ ಚೆಲುವ. ನಡಿ, ಅವಳ ಮುಂದೆ ನಿಂತು ಹೇಳು. ಎಚ್ಚರಿಕೆ ಕೊಡಬೇಕಿತ್ತು, ಕೊಡಲಿಲ್ಲ ಅಂತ."

ಅವನು ಕರ್ಚೀಫಿನಲ್ಲಿ ಮುಖ ಒರೆಸಿಕೊಂಡ. "ನಡಿ" ಅಂದ.

ಕವಲಂದೆ ಬಸ್ಸಿನಲ್ಲಿ ಮಕ್ಕಳು ಮುಂದಿನ ಸೀಟಿನಲ್ಲಿ ಪ್ರಮಾಣಪತ್ರ ಹಿಡಿದುಕೊಂಡು ಕೂತಿದ್ದವು. ಇವರಿಬ್ಬರೂ ಒಂದೇ ಸೀಟಿನಲ್ಲಿ ಕೂತರೂ ಮಧ್ಯೆ ಬ್ಯಾಗ್ ಇತ್ತು.

ಮಕ್ಕಳನ್ನ ಅವರವರ ಮನೆಗೆ ಬಿಟ್ಟು ಇಬ್ಬರೂ ಬಿಂದುಶ್ರೀ ಮನೆಗೆ ಹೋದಾಗ ಅವಳ ಅವ್ವ ಚಿಕ್ಕಮಾದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಬಿಂದುಶ್ರೀ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ಮಿಸ್‌ನ ಕಂಡು ಎದ್ದು ನಿಂತಳು. ಹಿಂದೆ ಬಂದವನನ್ನ ಕಂಡು ಅವಳ ಮುಖ ಕಪ್ಪಿಟ್ಟಿತು.

ಚೆಲುವರಾಜು ಕೂರಲಿಲ್ಲ. ನಿಂತೇ ಹೇಳಿದ. "ಬಿಂದು... ಅವತ್ತು ನಿಮಗೆ ಮೊದಲು ಎಚ್ಚರಿಕೆ ಕೊಡಬೇಕಿತ್ತು. ನಿಯಮ ಇತ್ತು. ನಾನು ಕೊಡಲಿಲ್ಲ. ಸನ್ನೆ ನೋಡಿ ಉತ್ತರ ಹೇಳಿದ್ರೂ ಮೊದಲನೇ ಸಲ ಅಂತ ಬಿಡಬೇಕಿತ್ತು. ನನ್ನಿಂದ ತಪ್ಪಾಯ್ತಮ್ಮ."

"ಯಾವ ಸನ್ನೆ ಸಾ?"

"ಮಿಸ್ ಓಲೆ ಮುಟ್ಕೊಂಡ್ರಲ್ಲ... ನೀನು ಅವರನ್ನ ನೋಡಿ..."

"ನಾನು ಮಿಸ್‌ನ ನೋಡ್ಲೇ ಇಲ್ಲ ಸಾ!" ಹುಡುಗಿಯ ದನಿ ನಡುಗಿತು. "ಮಿಸ್ ತಲೆ ಮೇಲೆ ಗೋಡೆ ಗಡಿಯಾರ ಇತ್ತು. ಹತ್ತು ಸೆಕೆಂಡ್ ಒಳಗೆ ಹೇಳ್ಬೇಕಲ್ವಾ, ಎಷ್ಟಾಯ್ತು ಅಂತ ನೋಡ್ದೆ. ಶುಕ್ರ ಅಂತ ನಂಗೆ ಏಳನೇ ಕ್ಲಾಸಿಂದ ಗೊತ್ತು. ಓಲೆ ಮುಟ್ಟಿದ್ರೆ ಸರಿ ಅಂತ ಅರ್ಥ ಅನ್ನೋದು ನಂಗೆ ಈಗ ನೀವು ಹೇಳಿದ ಮೇಲೇ ಗೊತ್ತಾಗಿದ್ದು."



ಆ ಗುರುತು ಈ ಲೋಕದಲ್ಲಿ ಗೊತ್ತಿದ್ದದ್ದು ಒಬ್ಬನಿಗೇ. ಅವಳನ್ನ ಅಷ್ಟು ಪ್ರೀತಿಸಿದವನಿಗೆ. ತನಗೆ ಕಂಡದ್ದು ಎಲ್ಲರಿಗೂ ಕಾಣುತ್ತೆ ಅಂದುಕೊಂಡ ಪುಣ್ಯಾತ್ಮ!

"ಮತ್ತೆ... ನೀನು ಅವತ್ತೇ ಯಾಕೆ ಹೇಳ್ಲಿಲ್ಲ ಮಗಾ?" ಹೇಮಲತಾ ಕೇಳಿದಳು.

"ಯಾರು ಕೇಳಿದ್ರು ಮಿಸ್? ಸಾ ಮೈಕಲ್ಲಿ ಹೇಳ್ಬಿಟ್ರು. ನೀವು... ನೀವು ಬಸ್ಸಲ್ಲೂ ಮಾತಾಡ್ಲಿಲ್ಲ. ನೀವೂ ನನ್ನ ನಂಬಲ್ಲ ಅನ್ಕೊಂಡೆ."

ಕೆನ್ನೆಗೆ ಹೊಡೆದಿದ್ದರೂ ಹೇಮಲತಾಗೆ ಅಷ್ಟು ನೋಯುತ್ತಿರಲಿಲ್ಲ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಹುಡುಗಿಯ ಎರಡೂ ಕೈ ಹಿಡಿದುಕೊಂಡು ಬಿಕ್ಕಿದಳು. ಬಿಂದುಶ್ರೀ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಹಿಡಿದುಕೊಳ್ಳಲೂ ಇಲ್ಲ.

ಚಿಕ್ಕಮಾದಮ್ಮ ಮೊರವನ್ನ ಪಕ್ಕಕ್ಕಿಟ್ಟು ಎದ್ದಳು.

"ಸಾ, ಇಲ್ಲಿ ನಮ್ ಜಗ್ಲೀಲಿ ಯೋಳಿದ್ರೆ ಯಾರ್ಗೆ ಕೇಳ್ತದೆ? ಅವತ್ತು ಮೈಕಲ್ಲಿ ತಾನೇ ನನ್ ಮಗ್ಳನ್ನ ಕಳ್ಳಿ ಮಾಡಿದ್ದು? ಸ್ವಾಮ್ವಾರ ಇಸ್ಕೂಲ್ ಪ್ರಾರ್ಥ್ನೆ ಒತ್ಗೆ ಬನ್ನಿ. ಅಲ್ಲೂ ಮೈಕ್ ಅದೆ. ಊರೆಲ್ಲ ಕೇಳ್ಲಿ."

"ಬರ್ತೀನಿ ಕಣವ್ವ. ಕ್ವಿಜ್ ನಡೆಸೋರಿಗೂ ಬರೆದು ಕೊಡ್ತೀನಿ. ಇನ್ಮೇಲೆ ತೀರ್ಪುಗಾರನ ಕುರ್ಚಿ ಮೇಲೆ ಕೂರಲ್ಲ."

"ಕೂರಿ, ಬುಡಿ. ಅದು ನಿಮ್ಗೆ ಬುಟ್ಟಿದ್ದು. ನನ್ ಮಗ್ಳು ಒಂದ್ ವರ್ಸ ಕಳ್ಕಂಡವ್ಳೆ, ಅದ ಯಾರೂ ತಂದ್ಕೊಡಕಾಗಲ್ಲ."

ಅವನು ಕೈ ಮುಗಿದು ಹೊರಟ.

ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದೇ ಬಂದರು. ನಂಜನಗೂಡಿನ ಕಡೆ ಹೋಗೋ ಬಸ್ಸು ಇನ್ನೂ ಬಂದಿರಲಿಲ್ಲ.

"ನಿನಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ ಹೇಮಾ."

"ನಾನೇನು ಒಳ್ಳೆಯವಳಾ? ಒಂದು ವರ್ಷ ಚೆಲುವ... ಅದೇ ಊರಲ್ಲಿ ಇದ್ದುಕೊಂಡು ಒಂದು ಮಾತು ಕೇಳ್ಲಿಲ್ಲ. ನನ್ನ ಕೈ ನೋಡೇ ಹೇಳಿದೆ ಅಂದ್ಬಿಟ್ರೆ ಅನ್ನೋ ಭಯ. ನೀನು ಹೆಸರಿಗೆ ಹೆದರಿದೆ, ನಾನು ಆ ಮಗುವಿನ ಉತ್ತರಕ್ಕೆ ಹೆದರಿದೆ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನು ಸಮಾಧಾನ ಮಾಡೋಕೆ ಕೈ ಚಾಚಿ, ಧೈರ್ಯ ಸಾಲದೆ ಹಿಂದಕ್ಕೆ ತೆಗೆದುಕೊಂಡ.

"ಜೂನ್‌ಗೆ ಅವಳನ್ನ ಸೈನ್ಸಿಗೆ ಸೇರಿಸ್ಬೇಕು" ಅಂದಳು. "ಬರಲ್ಲ ಅನ್ನಬಹುದು. ಆದ್ರೂ ಬಿಡಲ್ಲ, ದಿನಾ ಹೋಗಿ ಆ ಜಗಲಿ ಮೇಲೆ ಕೂರ್ತೀನಿ."

"ಭಾನುವಾರ ನಾನು ಬರಲಾ? ಗಣಿತ ಹೇಳ್ಕೊಡೋಕೆ?"

"ಅವಳನ್ನ ಕೇಳು. ಅವಳು ಬೇಡ ಅಂದ್ರೆ ಬರಬೇಡ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಗಡಿಬಿಡಿಯಿಂದ ಅವಳ ಮುಖವನ್ನೇ ನೋಡಿದ. ಏನಾದರೂ ಸಿಗುತ್ತಾ ಅಂತ ಹುಡುಕೋ ಹಾಗೆ ನೋಡಿದ.

"ಹಾಗೆ ನೋಡಬೇಡ ಚೆಲುವ. ನನ್ನ ಮುಖ ನೋಡಿ ನೀನೇ ಏನೋ ತೀರ್ಮಾನ ಮಾಡಬೇಡ. ಏನು ಬೇಕೋ ಬಾಯಿಬಿಟ್ಟು ಕೇಳು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಹೇಮಾ... ನನ್ನ ಮೇಲೆ ಇನ್ನೂ ಪ್ರೀತಿ ಇದ್ಯಾ?"

"ಇದೆ" ಅಂದಳು. ಬಿಕ್ಕುತ್ತಲೇ ಅಂದಳು. "ಸಿಟ್ಟೂ ಇದೆ. ನಿನ್ನ ಮೇಲೂ, ನನ್ನ ಮೇಲೂ."

"ಎಷ್ಟು ದಿನ ಇರುತ್ತೆ ಅದು?"

"ಗೊತ್ತಿಲ್ಲ. ಅದು ಹೋಗೋವರೆಗೂ ಕಾಯ್ತೀಯಾ?"

"ಕಾಯ್ತೀನಿ ಹೇಮಾ."

"ಹಾಗಾದ್ರೆ ಬಸ್ ಹತ್ತು. ಸೋಮವಾರ ಒಂಬತ್ತೂವರೆಗೆ ಪ್ರಾರ್ಥನೆ, ತಡ ಮಾಡ್ಬೇಡ."